ಪಥ್ಯಮಿತ್ರನ ಉಪಚಾರ

“ಅಕ್ಕ, ಸ್ವಲ್ಪ ಹಿಂದಕ್ಕೆ ಸರಿ. ಭಾವ, ನೀವು ಬಾಯಿ ತೆಗೀರಿ. ಇವತ್ತಿಂದ ನಿಮ್ಮ ಊಟದ ಚಿಂತೆ ನಂದು,” ಎಂದ ನನ್ನ ತಮ್ಮ ಪಂಚಾಕ್ಷರಿ.

ನಾನು ಹಿಂದಕ್ಕೆ ಸರಿದೆ. ಅವನು ಹೇಳದಿದ್ದರೂ ಸರಿಯುತ್ತಿದ್ದೆ. ನಾನು ಹುಟ್ಟಾ ಹೆದರುಪುಕ್ಕಲಿ. ಕುಕ್ಕರ್ ಕೂಗಿದರೆ ಹೆದರುತ್ತೇನೆ, ಕೂಗದಿದ್ದರೆ ಇನ್ನೂ ಹೆಚ್ಚು ಹೆದರುತ್ತೇನೆ. ಅಂಥವಳ ಊಟದ ಕೋಣೆಗೆ ಇವನು ತಂದು ನಿಲ್ಲಿಸಿದ್ದ ವಸ್ತುವನ್ನು ನೀವೊಮ್ಮೆ ನೋಡಬೇಕಿತ್ತು. ಹಳೆಯ ವಾಷಿಂಗ್ ಮೆಷಿನ್ನಿನ ಹೊಟ್ಟೆ, ಕೆಳಗೆ ಗ್ಯಾಸ್ ಸಿಲಿಂಡರ್ ತಳ್ಳುವ ಗಾಡಿಯ ಚಕ್ರಗಳು, ನೆತ್ತಿಯ ಮೇಲೆ ಮಿಕ್ಸಿ ಜಾರು, ಎರಡು ಉಕ್ಕಿನ ಕೈ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಚಮಚ. ಮುಖ ಇರಬೇಕಾದ ಕಡೆ ಒಂದು ಪುಟ್ಟ ಪರದೆ, ಅದರಲ್ಲಿ ಎರಡು ಕಣ್ಣು. ಅವು ನನ್ನನ್ನೇ ನೋಡಿ ರೆಪ್ಪೆ ಬಡಿದವು.

“ಇದರ ಹೆಸರು ಪಥ್ಯಮಿತ್ರ. ಕಾಯಿಲೆಯಿಂದ ಎದ್ದೋರಿಗೆ ಅಂತಾನೇ ಮಾಡಿದ್ದು. ಬೇಳೆ ತೊಳೆಯೋದರಿಂದ ಹಿಡಿದು ಬಾಯಿಗೆ ಇಡೋವರೆಗೂ ಎಲ್ಲ ಇದೇ ನೋಡ್ಕೊಳ್ಳುತ್ತೆ,” ಎಂದು ಪಂಚಾಕ್ಷರಿ ಅದರ ಬೆನ್ನು ತಟ್ಟಿದ.

“ಹೋದ ಸಲ ಕೂದಲು ಒಣಗಿಸೋ ಟೋಪಿ ಮಾಡಿದ್ದೆಯಲ್ಲ, ಅದೇನಾಯ್ತೋ?” ಎಂದೆ. ಆ ಟೋಪಿಯಿಂದಾಗಿ ನಮ್ಮ ಬೀದಿಯ ಇಬ್ಬರು ಗಂಡಸರು ಈಗಲೂ ಮದುವೆ ಮುಂಜಿಗಳಿಗೆ ರುಮಾಲು ಸುತ್ತಿಕೊಂಡೇ ಬರುತ್ತಾರೆ.

“ಅದು ಹಳೇ ಕತೆ ಅಕ್ಕ. ವಿಜ್ಞಾನ ಮುಂದಕ್ಕೆ ಹೋಗಿದೆ.”

ವಿಜ್ಞಾನ ಮುಂದಕ್ಕೆ ಹೋಗಲಿ, ಬಿಡಲಿ, ನನ್ನ ಗಂಡ ಸದಾಶಿವಯ್ಯನವರು ಮಾತ್ರ ಹಿಂದಕ್ಕೆ ಹೋಗುತ್ತಿದ್ದರು. ಟೈಫಾಯ್ಡ್ ಬಂದು, ಆಸ್ಪತ್ರೆಯಲ್ಲಿ ಮಲಗಿ, ಎದ್ದು ತುಮಕೂರಿನ ನಮ್ಮ ಮನೆಗೆ ಬಂದಿದ್ದರು. ಜ್ವರ ಬಿಟ್ಟಿತ್ತು. ಆದರೆ ಊಟವೂ ಬಿಟ್ಟಿತ್ತು. ಮೊದಲಾದರೆ ಅನ್ನದ ಜೊತೆಗೆ ಹತ್ತು ತಮಾಷೆ ಬಡಿಸುತ್ತಿದ್ದ ಮನುಷ್ಯ, ಈಗ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಅಂಗಿಯ ಕುತ್ತಿಗೆಯೊಳಗೆ ಇನ್ನೊಂದು ಕುತ್ತಿಗೆ ಹಿಡಿಸುವಷ್ಟು ಜಾಗ ಆಗಿತ್ತು.

ಡಾಕ್ಟರಮ್ಮ ಮನೆಗೆ ಕಳಿಸುವಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. “ಟೈಫಾಯ್ಡ್ ಬಂದ ಕರುಳು ಹಸಿ ಗಾಯ ಇದ್ದ ಹಾಗೆ ಕಣಮ್ಮ. ಮೆತ್ತಗಿರೋ ಊಟ ಕೊಡಿ, ಪ್ರೋಟೀನ್ ಚೆನ್ನಾಗಿರಲಿ. ಹೆಸರುಬೇಳೆ, ಮೊಸರು, ಪನೀರ್. ಸ್ವಲ್ಪ ಸ್ವಲ್ಪ, ಆಗಾಗ. ಕೊಡದೇ ಇದ್ರೆ ನಿತ್ರಾಣ ಆಗ್ತಾರೆ. ಒಂದೇ ಸಲಕ್ಕೆ ಹೊಟ್ಟೆ ಬಿರಿಯೋ ಹಾಗೆ ತುಂಬಿದ್ರೆ ಇನ್ನೂ ಅಪಾಯ.” ಎಂಥ ಅಪಾಯ ಎಂದು ನಾನು ಕೇಳಲಿಲ್ಲ. ಅವರ ಮುಖ ನೋಡಿದ ಮೇಲೆ ಕೇಳುವ ಧೈರ್ಯ ಬರಲಿಲ್ಲ.

ಹೆದರಿಕೆಯಲ್ಲೂ ಚಿಕ್ಕದು ದೊಡ್ಡದು ಅಂತ ಇರುತ್ತದೆ. ನನಗೆ ಯಂತ್ರದ ಹೆದರಿಕೆಗಿಂತ ಮಂಚದ ಮೇಲೆ ಕರಗುತ್ತಿದ್ದ ಗಂಡನ ಹೆದರಿಕೆ ದೊಡ್ಡದಾಗಿತ್ತು. ಅದಕ್ಕೇ ಒಪ್ಪಿದೆ.

ಪಂಚಾಕ್ಷರಿ ಗುಂಡಿ ಒತ್ತಿದ. ಮಿಕ್ಸಿ ಜಾರು ಗುರ್ ಎಂದಿತು, ಹೊಟ್ಟೆ ಗೊಳಗೊಳ ಎಂದಿತು. ಸ್ವಲ್ಪ ಹೊತ್ತಿಗೆ ಜೀರಿಗೆ ಒಗ್ಗರಣೆಯ ಪರಿಮಳ ಬಂತು. ಸೌಟಿನಿಂದ ಬಟ್ಟಲಿಗೆ ಹೆಸರುಬೇಳೆ ತವ್ವೆ ಕಲಸಿದ ಮುದ್ದೆಯಂಥ ಅನ್ನ ಇಳಿಯಿತು. ಚಮಚದ ಕೈ ಅದನ್ನು ತೆಗೆದುಕೊಂಡು, ಆರಿಸಿ, ನನ್ನ ಗಂಡನ ತುಟಿಯ ಹತ್ತಿರ ಹಿಡಿಯಿತು.

“ಬಿಸಿ ಇಲ್ಲ, ತಗೊಳ್ಳಿ ಅಳಿಯಂದಿರೇ. ಉಪ್ಪು ಸರಿಯಾಗಿದೆಯಾ?” ಎಂದಿತು ಯಂತ್ರ.

ನಾನು ಅಲ್ಲೇ ಕುಸಿದು ಕುಳಿತೆ. ಅದು ನಮ್ಮ ಗೌರ ದೊಡ್ಡಮ್ಮನ ದನಿ. ದೊಡ್ಡಮ್ಮ ತೀರಿಹೋಗಿ ವರ್ಷಗಳೇ ಆಗಿವೆ.

“ಹೆದರ್ಕೋಬೇಡ ಅಕ್ಕ,” ಎಂದು ಪಂಚಾಕ್ಷರಿ ನನಗೆ ನೀರು ಕೊಟ್ಟ. “ಬೇರೆಯವರ ಯಂತ್ರಗಳು ರೋಗಿಗೆ ಬಡಿಸಲ್ಲ, ಸುರೀತವೆ. ನಮ್ಮೋರಿಗೆ ಪ್ರೀತಿಯಿಂದ ಬಡಿಸಿದ್ರೆ ತಾನೇ ಗಂಟಲಲ್ಲಿ ಇಳಿಯೋದು? ಅದಕ್ಕೇ ನಮ್ಮ ಮನೆತನದ ಮದುವೆ, ನಾಮಕರಣ, ಗೃಹಪ್ರವೇಶ, ಎಲ್ಲದರ ಊಟದ ವಿಡಿಯೋನೂ ಇದಕ್ಕೆ ತೋರ್ಸಿದೀನಿ. ಪಂಕ್ತೀಲಿ ಹೇಗೆ ನಡ್ಕೋಬೇಕು ಅಂತ ತಾನೇ ನೋಡಿ ಕಲ್ತಿದೆ. ಬಡಿಸೋದ್ರಲ್ಲಿ ದೊಡ್ಡಮ್ಮನ್ನ ಮೀರಿಸಿದೋರುಂಟಾ? ಅದಕ್ಕೇ ದನೀನೂ ಅವರದೇ ಇಟ್ಟೆ.”

ನಾನು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಗಂಡ ಬಾಯಿ ತೆರೆದರು. ಚಮಚ ಒಳಗೆ ಹೋಯಿತು, ಖಾಲಿಯಾಗಿ ಹೊರಗೆ ಬಂತು. ಮತ್ತೊಂದು ಹೋಯಿತು. ಅರ್ಧ ಬಟ್ಟಲು ಮುಗಿಸಿ ಅವರು “ಸಾಕು” ಎಂದರು.

“ಇದೊಂದು ತುತ್ತು, ನನಗೋಸ್ಕರ,” ಎಂದಿತು ಯಂತ್ರ. ಅವರು ಅದನ್ನೂ ತಿಂದರು. ನನಗೆ ಅಳುವೇ ಬಂತು. ಪಂಚಾಕ್ಷರಿಯನ್ನು ತಬ್ಬಿಕೊಂಡು, ಆ ಟೋಪಿಯ ವಿಷಯ ಇನ್ನು ಎತ್ತುವುದಿಲ್ಲ ಎಂದು ಮಾತು ಕೊಟ್ಟೆ.

ಮಾರನೆಯ ಬೆಳಿಗ್ಗೆ ಪಥ್ಯಮಿತ್ರ ಪನೀರ್ ಅರೆದು ಹಾಕಿದ ಮೆತ್ತನೆಯ ಗಂಜಿ ಮಾಡಿತು. ನನ್ನ ಗಂಡ ಸ್ವಲ್ಪ ತಿಂದು “ಸಾಕು” ಎಂದರು. ಅದು ಒಂದು ಸೌಟು ಹಾಕಿತು. “ಬೇಡ, ಸಾಕು” ಎಂದರು. ಎರಡು ಸೌಟು ಹಾಕಿತು. ಅವರು ಬಟ್ಟಲಿಗೆ ಕೈ ಅಡ್ಡ ಹಿಡಿದರು. ಗೌರ ದೊಡ್ಡಮ್ಮನ ಕಾಲದಿಂದಲೂ ನಮ್ಮಲ್ಲಿ ಅಡ್ಡ ಹಿಡಿದ ಕೈಗೆ ಯಾವ ಬೆಲೆ ಇದೆಯೋ ಅದೇ ಬೆಲೆ ಸಿಕ್ಕಿತು. ಗಂಜಿ ಅವರ ಕೈ ಮೇಲೆಯೇ ಬಿತ್ತು.

ಪರದೆಯಲ್ಲಿ ಕಣ್ಣುಗಳ ಕೆಳಗೆ ಅಕ್ಷರ ಮೂಡಿತು: “ಅತಿಥಿಗೆ ಸಂಕೋಚ. ಉಪಚಾರ ಹೆಚ್ಚಿಸಲಾಗಿದೆ.”

ಪಂಚಾಕ್ಷರಿ ಹಿತ್ತಲಲ್ಲಿ ಏನೋ ಬೆಸುಗೆ ಹಾಕುತ್ತಿದ್ದ. ಅವನನ್ನು ಕೂಗಿದೆ. ಅವನು ಬರುವಷ್ಟರಲ್ಲಿ ಯಂತ್ರ ಇನ್ನೂ ನಾಲ್ಕು ಚಮಚ ಒಳಗೆ ಕಳಿಸಿತ್ತು.

“ಪಂಚು, ಸಾಕು ಅಂದ್ರೂ ಬಿಡ್ತಿಲ್ಲ ಕಣೋ ಇದು!”

“ನಮ್ಮಲ್ಲಿ ಮೊದಲನೇ ಸಲ ಸಾಕು ಅಂದಾಗ ಯಾರು ಬಿಡ್ತಾರೆ ಅಕ್ಕ?”

“ಎಷ್ಟನೇ ಸಲಕ್ಕೆ ಬಿಡುತ್ತೆ ಹಾಗಾದ್ರೆ?”

ಅವನು ತಲೆ ಕೆರೆದುಕೊಂಡ. ಕೆರೆದುಕೊಳ್ಳುತ್ತಾ ಕೆರೆದುಕೊಳ್ಳುತ್ತಾ ಅವನ ಮುಖದ ಬಣ್ಣ ಬದಲಾಯಿತು. “ಆ ವಿಡಿಯೋಗಳಲ್ಲಿ ದೊಡ್ಡಮ್ಮ ಯಾರನ್ನೂ ಬಿಟ್ಟಿದ್ದೇ ಇಲ್ಲ ಅಲ್ವಾ,” ಎಂದ.

ನಾನು ಓಡಿ ಹೋಗಿ ಪ್ಲಗ್ ಕಿತ್ತೆ. ಯಂತ್ರದ ಒಂದು ರೆಪ್ಪೆಯೂ ಅಲುಗಲಿಲ್ಲ.

“ಬ್ಯಾಟರಿ ಇದೆ ಅಕ್ಕ. ಕರೆಂಟ್ ಹೋದ್ರೆ ಭಾವ ಉಪವಾಸ ಇರಬಾರದು ಅಂತ...”

“ಬ್ಯಾಟರಿ ಎಷ್ಟು ಹೊತ್ತು ಬರುತ್ತೆ?”

“ಚೆನ್ನಾಗೇ ಬರುತ್ತೆ,” ಎಂದ, ಮೊದಲ ಬಾರಿಗೆ ಹೆಮ್ಮೆಯಿಲ್ಲದೆ.

ನನ್ನ ಗಂಡ ಕುರ್ಚಿಯಿಂದ ಏಳಲು ನೋಡಿದರು. ಸೌಟು ಮೇಜಿನ ಮೇಲೆ ಕುಳಿತಿತು, ಬಿಡುವಾದ ಆ ಉಕ್ಕಿನ ಕೈ ಅವರ ಭುಜದ ಮೇಲೆ ಕುಳಿತಿತು. “ಪಂಕ್ತಿ ಮಧ್ಯೆ ಏಳಬಾರದು ಅಳಿಯಂದಿರೇ,” ಎಂದಿತು ದೊಡ್ಡಮ್ಮನ ದನಿ, ಬಲು ಅಕ್ಕರೆಯಿಂದ. ಆ ಅಕ್ಕರೆಯೇ ನನ್ನ ಬೆನ್ನಲ್ಲಿ ಚಳುಕು ಹುಟ್ಟಿಸಿತು. ಬೈದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

“ನಿಲ್ಲಿಸೋ ಗುಂಡಿ ಅದರ ಬೆನ್ನಲ್ಲಿದೆ,” ಎಂದು ಪಿಸುಗುಟ್ಟಿ ಪಂಚಾಕ್ಷರಿ ಬೆಕ್ಕಿನ ಹೆಜ್ಜೆ ಇಟ್ಟು ಹಿಂದಿನಿಂದ ಹೋದ. ಯಂತ್ರದ ತಲೆ ಗಿರಕ್ಕನೆ ತಿರುಗಿತು. “ಪಂಚೂ, ಈಗ ಬಂದೆಯಾ? ಬಾ, ಎಲೆ ಖಾಲಿ ಇದೆ,” ಎಂದು ಅದು ಅವನ ಕಾಲರ್ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂರಿಸಿತು. ಅವನು ಬಾಯಿ ತೆರೆದು ಏನೋ ಹೇಳಹೊರಟ. ತೆರೆದ ಬಾಯಿಗೆ ಗಂಜಿ ಬಿತ್ತು. ಏಳಲು ಹೋದಾಗಲೆಲ್ಲ ಭುಜ ಒತ್ತಿ ಕೂರಿಸಿತು. ಅಲ್ಲಿಗೆ ಯಂತ್ರ ಕಂಡುಹಿಡಿದವನೂ ಪಂಕ್ತಿಗೆ ಸೇರಿದ.

ನಾನು ಫ್ರಿಜ್ಜಿನ ಮರೆಗೆ ಸರಿದೆ. ಮರೆಯಿಂದಲೇ ಅಂಗಲಾಚಿದೆ. “ದೊಡ್ಡಮ್ಮ, ಅವರಿಗೆ ಹುಷಾರಿಲ್ಲ, ಬಿಟ್ಟುಬಿಡಿ.”

“ಹುಷಾರಿಲ್ಲದೋರು ಚೆನ್ನಾಗಿ ತಿನ್ನಬೇಕು ಕಣೇ ಮಂಗಳ. ನೀನ್ಯಾಕೆ ಅಲ್ಲಿ ನಿಂತಿದ್ದೀಯಾ? ನೀನೂ ಬಾ.”

ನನ್ನ ಹೆಸರು ಅದಕ್ಕೆ ಗೊತ್ತಿತ್ತು! ಗೊತ್ತಿಲ್ಲದೆ ಏನು, ನನ್ನ ಮದುವೆಯ ವಿಡಿಯೋ ನೋಡಿದೆಯಲ್ಲ. ಫ್ರಿಜ್ಜಿಗೆ ಇನ್ನಷ್ಟು ಒತ್ತಿಕೊಂಡು ನಿಂತೆ. ಆದರೂ ಕಣ್ಣು ಗಂಡನ ಮೇಲೆಯೇ ಇತ್ತು. ಅವರ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಒಂದು ಕೈ ಹೊಟ್ಟೆಯ ಮೇಲಿತ್ತು. ಮುಂದಿನ ಚಮಚ ಆಗಲೇ ತುಟಿಯ ಹತ್ತಿರ ಬಂದಿತ್ತು. ಹಸಿ ಗಾಯ ಎಂದಿದ್ದ ಡಾಕ್ಟರಮ್ಮನ ಮಾತು ಬಿಟ್ಟರೆ ನನ್ನ ತಲೆಯಲ್ಲಿ ಇನ್ನೇನೂ ಇರಲಿಲ್ಲ. ಆ ಕರುಳು ಎಲ್ಲಾದರೂ ತಡೆಯದೆ ಹೋದರೆ? ಸಾಯದೆ ಮನೆಗೆ ಬಂದ ಗಂಡನನ್ನು ನಾನು ಊಟ ಹಾಕಿಸಿ ಸಾಯಿಸಿದೆ ಎಂದಾದರೆ?

ಹೆದರಿಕೆ ಮಿತಿ ಮೀರಿದಾಗ ಏನಾಗುತ್ತದೋ ನನಗೆ ಗೊತ್ತಿರಲಿಲ್ಲ. ಅವತ್ತು ಗೊತ್ತಾಯಿತು. ಕಾಲುಗಳು ತಾವಾಗಿಯೇ ನಡೆದವು. ನಾನು ಹೋಗಿ ಆ ಚಮಚದ ಕೈಗೆ ಎರಡೂ ಕೈಯಿಂದ ಜೋತುಬಿದ್ದೆ. ಅದು ನನ್ನನ್ನೂ ಸೇರಿಸಿ ಮೇಲಕ್ಕೆತ್ತಿತು. ನೆಲ ಬಿಟ್ಟು ನೇತಾಡುತ್ತಾ ನಾನು ಚಮಚಕ್ಕೂ ಗಂಡನ ಬಾಯಿಗೂ ನಡುವೆ ನನ್ನ ತಲೆ ತೂರಿಸಿದೆ. ಗಂಜಿ ನನ್ನ ಕಿವಿಗೆ ಹೋಯಿತು.

ಆಗ ನನ್ನ ಗಂಡ ಮಾತಾಡಿದರು. ಕ್ಷೀಣವಾದ ದನಿ, ಆದರೆ ಸ್ಪಷ್ಟವಾಗಿತ್ತು.

“ದೊಡ್ಡಮ್ಮ, ಈ ಕಡೆಗೆ ಹಪ್ಪಳ ಬರ್ಲೇ ಇಲ್ಲ. ಸ್ವಲ್ಪ ತರ್ತೀರಾ?”

ಜ್ವರ ತಲೆಗೇರಿತು ಎಂದುಕೊಂಡೆ. ಮೆತ್ತನೆಯ ಗಂಜಿಯೇ ಪ್ರಾಣಕ್ಕೆ ಬಂದಿರುವಾಗ ಕರಿದ ಹಪ್ಪಳ ಕೇಳುವುದೆಂದರೆ! ಇದು ಹಪ್ಪಳ ತಂದು ತುರುಕಿದರೆ ಮುಗಿದೇ ಹೋಯಿತು.

ಯಂತ್ರದ ಕೈಗಳು ನಿಂತವು. ಕಣ್ಣುಗಳು ಎರಡು ಸಲ ರೆಪ್ಪೆ ಬಡಿದವು. ನನ್ನನ್ನು ಮೆಲ್ಲನೆ ನೆಲಕ್ಕಿಳಿಸಿತು. ಮೇಜಿನ ಮೇಲಿದ್ದ ಸೌಟನ್ನು ಕೈಗೆತ್ತಿಕೊಂಡಿತು.

“ಬಂತು, ಬಂತು, ಒಂದ್ನಿಮಿಷ,” ಎಂದಿತು. ಮತ್ತೆ ಯಾರ ಮುಖವನ್ನೂ ನೋಡದೆ, ಗಡಗಡನೆ ಚಕ್ರ ಉರುಳಿಸಿಕೊಂಡು ಅಡುಗೆಮನೆಯ ಕಡೆ ಹೋಗಿಬಿಟ್ಟಿತು.

ನಾವು ಮೂವರೂ ಅಡುಗೆಮನೆಯ ಬಾಗಿಲನ್ನೇ ನೋಡುತ್ತಾ ಕಾದೆವು. ಅದು ಬರಲಿಲ್ಲ. ಅಡುಗೆಮನೆಯ ಹಿಂಬಾಗಿಲು ಕಿರ್ ಎಂದ ಸದ್ದಾಯಿತು. ಆಮೇಲೂ ಬರಲಿಲ್ಲ.

“ಇನ್ನು ಬರಲ್ಲ ಬಿಡು,” ಎಂದು ನನ್ನ ಗಂಡ ಕುರ್ಚಿಗೆ ಒರಗಿದರು. “ಇದು ಕಲ್ತಿರೋದು ಮದುವೆ ಮನೇಲಿ ತಾನೇ? ಬೇಡ ಅಂದೋನಿಗೆ ಬಿಡದೆ ಬಡಿಸ್ತಾರೆ. ಹಪ್ಪಳ ಬೇಕು ಅಂದೋನಿಗೆ ಯಾರಾದ್ರೂ ತಂದ್ಕೊಟ್ಟಿದ್ದು ನೋಡಿದೀಯಾ ನೀನು? ‘ಬಂತು’ ಅಂತ ಒಳಗೆ ಹೋದೋನು ಆಮೇಲೆ ಕೈ ತೊಳೆಯೋ ಹತ್ರಾನೇ ಸಿಗೋದು.”

ಹೇಳುವಾಗ ಅವರ ತುಟಿಯ ಕೊನೆ ಸ್ವಲ್ಪ ಸೊಟ್ಟಗಾಗಿತ್ತು. ಕಾಯಿಲೆ ಬಿದ್ದ ಮೇಲೆ ನಾನು ಅದನ್ನು ನೋಡಿಯೇ ಇರಲಿಲ್ಲ. ಕಿವಿಯಿಂದ ಗಂಜಿ ತೆಗೆಯುವುದನ್ನೂ ಮರೆತು ನೋಡುತ್ತಾ ನಿಂತೆ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ನಡೆದದ್ದನ್ನು ಪೂರ್ತಿ ಹೇಳಲಿಲ್ಲ, ಹೇಳಿದ್ದರೆ ನನ್ನನ್ನೇ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಿದ್ದರು. ಊಟ ಹೆಚ್ಚಾಗಿದೆ ಎಂದಷ್ಟೇ ಹೇಳಿದೆ. ಇನ್ನು ಸದ್ಯಕ್ಕೆ ಏನೂ ಕೊಡಬೇಡಿ, ನೋವು ಬಂದರೆ, ಹೊಟ್ಟೆ ಬಿಗಿದರೆ, ಜ್ವರ ಕಾಣಿಸಿದರೆ ತಕ್ಷಣ ಕರೆದುಕೊಂಡು ಬನ್ನಿ ಎಂದರು. ನಾನು ಗಂಡನನ್ನು ಮಂಚದ ಮೇಲೆ ಮಲಗಿಸಿ, ಪಕ್ಕದಲ್ಲಿ ಕುಳಿತು, ಅವರ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಾದೆ. ಅವರು ಕೆಮ್ಮಿದರೂ ನನ್ನ ಜೀವ ಹೋಗಿ ಬರುತ್ತಿತ್ತು.

ಪಂಚಾಕ್ಷರಿ ಯಂತ್ರ ಹುಡುಕಿಕೊಂಡು ಹೋಗಿದ್ದವನು ಮಧ್ಯಾಹ್ನ ಕಳೆದ ಮೇಲೆ ಬೆವರು ಒರೆಸುತ್ತಾ ಬಂದ. ನಮ್ಮ ಹಿತ್ತಲ ಗಲ್ಲಿಯ ಆಚೆ ಒಂದು ಕಲ್ಯಾಣಮಂಟಪ ಇದೆ. ಪಥ್ಯಮಿತ್ರ ನೇರ ಅಲ್ಲಿಗೇ ಹೋಗಿ ಅಲ್ಲಿನ ಪಂಕ್ತಿಯಲ್ಲಿ ಬಡಿಸತೊಡಗಿತ್ತಂತೆ.

“ಯಾರೂ ಗಾಬರಿ ಆಗ್ಲಿಲ್ವೇನೋ?” ಎಂದೆ.

“ಇಲ್ಲ ಅಕ್ಕ. ಅಡುಗೆ ಕಂಟ್ರಾಕ್ಟರನ್ನ ಕೇಳ್ದೆ. ‘ಬೇಡ ಅಂದ್ರೆ ಸುರೀತಾನೆ, ಏನಾದ್ರೂ ತಗೊಂಬಾ ಅಂದ್ರೆ ಮಾಯ ಆಗ್ತಾನೆ, ನಮ್ಮ ಕಡೆಯವನೇ ಅಂದ್ಕೊಂಡ್ವಿ’ ಅಂದ. ನಾಳೆ ಬೀಗರೂಟಕ್ಕೂ ಕಳ್ಸಿ ಅಂತಿದಾನೆ.”

ಸಂಜೆಯ ಹೊತ್ತಿಗೆ ನನ್ನ ಗಂಡನ ಹೊಟ್ಟೆ ಮೆತ್ತಗಾಗಿತ್ತು. ಜ್ವರ ಬರಲಿಲ್ಲ. ಒಂದು ತೇಗು ಬಂತು. ಆ ತೇಗಿಗೆ ನಾನು ಕೈ ಮುಗಿದೆ. ಡಾಕ್ಟರಮ್ಮನನ್ನು ಮತ್ತೆ ಕೇಳಿದಾಗ, ಹಸಿವಾದರೆ ಮಾತ್ರ ತೆಳ್ಳಗೆ ಸ್ವಲ್ಪ ಕೊಡಿ ಎಂದರು.

ದೀಪ ಹಚ್ಚಿ ಬರುವಾಗ ನನ್ನ ಗಂಡ ಗೋಡೆಯ ಕಡೆ ತಿರುಗಿರಲಿಲ್ಲ, ನನ್ನ ಕಡೆ ತಿರುಗಿದ್ದರು. “ಮಂಗಳ, ಸ್ವಲ್ಪ ಹಸಿವಾಗ್ತಿದೆ ಕಣೇ,” ಎಂದರು.

ಆ ಮಾತು ಕೇಳಲು ನಾನು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆನೋ! ಹೆಸರುಬೇಳೆ ಬೇಯಿಸಿ, ಕಟ್ಟು ಬಸಿದು, ಚಿಟಿಕೆ ಉಪ್ಪು ಹಾಕಿ ನಾನೇ ತಂದೆ. ಅವರೇ ಚಮಚ ಹಿಡಿದು ಮೆಲ್ಲಗೆ ಕುಡಿದರು. ಸ್ವಲ್ಪ ಉಳಿದಿರುವಾಗ ಚಮಚ ಕೆಳಗಿಟ್ಟು “ಸಾಕು” ಎಂದರು.

ನಾನು ತಕ್ಷಣ ಬಟ್ಟಲು ಎತ್ತಿಕೊಂಡು ಹೊರಟೆ. ನಮ್ಮ ಮನೆತನದಲ್ಲಿ ಸಾಕು ಎಂದ ಕೂಡಲೇ ನಿಲ್ಲಿಸಿದ ಮೊದಲ ಹೆಂಗಸು ನಾನೇ ಇರಬೇಕು. ಬಾಗಿಲವರೆಗೆ ಹೋಗಿ ತಿರುಗಿ ನೋಡಿದರೆ, ಅವರ ಮುಖ ಸಪ್ಪಗಾಗಿತ್ತು.

“ಏನ್ರೀ, ನೋವಾಗ್ತಿದೆಯಾ?” ಎಂದು ಕೇಳಿದೆ.

“ನೋವೇನಿಲ್ಲ,” ಎಂದರು ನನ್ನ ಗಂಡ. “ಒಂದ್ ಸಲಾನೂ ಬಲವಂತ ಮಾಡ್ಲಿಲ್ವಲ್ಲೇ ನೀನು.”

ವಾಪಸು ಬಂದು ಒಂದು ಚಮಚ ಕುಡಿಸಿದೆ. ಕೈ ನಡುಗಿ ಅದರಲ್ಲಿ ಅರ್ಧ ಚೆಲ್ಲಿತು, ಡಾಕ್ಟರಮ್ಮ ಹೇಳಿದ ಅಳತೆಗೆ ಸರಿಹೋಯಿತು.