ಬುನಾದಿ ಹಾಕಿದ ವಿಮಾನ

ಬಾಗ್ಲು ಮುಂದಕ್ ಹಾಕ್ಕಂಡ್ ಬಾ ವಾಣಿ. ಚಿಲಕ ಹಾಕ್ಬೇಡ, ಚಿಲಕ ಹಾಕಿದ್ರೆ ಒಳಗೆ ಏನೋ ಮಾತಾಡ್ತಾವ್ರೆ ಅಂತ ಜನ ತಿಳ್ಕಂತಾರೆ. ಹಂಗೇ ಈ ಒಲೆ ಮುಟ್ಟಿ ಆಣೆ ಮಾಡು. ನಾನು ಹೇಳೋದು ಇಲ್ಲೇ ಬೂದಿ ಆಗ್ಬೇಕು. ಇದನ್ನ ನಾನು ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಹಾಲಿನ ಡೈರಿಲಿ ಹೇಳಿದ್ದು ಬೇರೆ, ಅಲ್ಲಿ ಅವ್ರೇ ಕೇಳಿದ್ದು.

ನೀನು ಈ ಊರಿಗೆ ಬಾಡಿಗೆಗೆ ಬಂದು ಇನ್ನೂ ಪಾತ್ರೆ ಜೋಡ್ಸಿ ಮುಗ್ದಿಲ್ಲ. ಪಕ್ಕದ ಕಾಫಿ ಒಣಗ್ಸೋ ಕಣದಲ್ಲಿ ವಿಮಾನ ನಿಂತೈತಲ್ಲ, ಅದರ ಬಾಗ್ಲಿಗೆ ಯಾಕೆ ಡೋರ್ ನಂಬರ್ ಹೊಡ್ದವ್ರೆ ಅಂತ ಕೇಳ್ದೆ. ಅದ್ರಲ್ಲಿ ಕೇಳೋದೇನಿಲ್ಲ ಕಣವ್ವ. ಅದು ಮನೆ. ಮನೆ ಅಂದ್ಮೇಲೆ ನಂಬರ್ ಇರ್ತದೆ. ಕಂದಾಯಾನೂ ಐತೆ.

ಆಲ್ಬರ್ಟಣ್ಣನ್ನ ನೋಡಿದೀಯಲ್ಲ, ಎಸ್ತರಮ್ಮನ ಗಂಡ. ಹುಟ್ಟಿದ್ದು ಘಾಟಿ ಕೆಳಗೆ ಮಂಗಳೂರು ಕಡೆ, ಬದುಕಿದ್ದೆಲ್ಲ ಇಲ್ಲೇ. ವಯಸ್ಸೆಲ್ಲ ಎಸ್ಟೇಟ್ ಸ್ಟೋರಲ್ಲಿ ಕೂತು ಗೊಬ್ಬರದ ಮೂಟೆ ಕಾದ ಮನುಷ್ಯ. ರಿಟೈರ್ ಆದ್ಮೇಲೆ ಬೇರೆ ಗಂಡಸರು ಶುಗರ್ ತಂದ್ಕಂತಾರೆ, ಇವ್ರು ವಿಮಾನ ತಂದ್ಕಂಡ್ರು.

ಇಡೀ ವಿಮಾನ ಅಲ್ಲ, ಬಿಡಿಬಿಡಿ. ದೊಡ್ಡ ಮರದ ಪೆಟ್ಟಿಗೆಲಿ ಸಕಲೇಶಪುರದಿಂದ ಗೊಬ್ಬರದ ಲಾರಿ ಮೇಲೆ ಬಂತು. ಪೈಪು, ತಗಡು, ಬಟ್ಟೆ, ನಟ್ಟು, ಬೋಲ್ಟು, ಮೇಲೊಂದು ದಪ್ಪನೆ ಇಂಗ್ಲಿಷ್ ಪುಸ್ತಕ. ಅದಕ್ಕೆ ಕಿಟ್ಟು ಅಂತಾರಂತೆ. ಎಸ್ತರಮ್ಮ ಬೇಲಿ ಹತ್ರ ನಿಂತು "ಕಿಟ್ಟು ಬಂತು ಕೆಂಚಮ್ಮ" ಅಂದ್ರು. ನಾನು ಯಾರೋ ನೆಂಟರ ಹುಡುಗ ಅಂದ್ಕಂಡು, ಊಟ ಹಾಕಿದ್ರಾ ಪಾಪ ಅಂತ ಕೇಳಿದ್ದೆ.

ಆಲ್ಬರ್ಟಣ್ಣ ಅದುವರೆಗೆ ಕೈಯಾರೆ ಕಟ್ಟಿದ್ದು ಒಂದು ಕೋಳಿಗೂಡು. ಅದ್ರಿಂದಾನೂ ಕೋಳಿ ಆಚೆ ಬರ್ತಿದ್ವು. ಆದ್ರೂ ಮನುಷ್ಯ ಬಿಡ್ಲಿಲ್ಲ. ಸಣ್ಣ ನಟ್ಟು ವಾಷರ್ ಎಲ್ಲ ಬೆರೆತುಹೋಗ್ಬಾರದು ಅಂತ ಎಸ್ತರಮ್ಮನ ಇಡ್ಲಿ ತಟ್ಟೆ ಕುಳಿಲಿ ಜೋಡ್ಸಿಟ್ಕಂಡಿದ್ರು. ಆ ಕ್ರಿಸ್ಮಸ್‌ಗೆ ಅವ್ರು ಕೊಟ್ಟ ಸನ್ನದಲ್ಲಿ, ಅದೇ ಅವ್ರ ಕಡೆ ಇಡ್ಲಿ, ನಂಗೆ ವಾಷರ್ ಸಿಕ್ತು. ಎಸ್ತರಮ್ಮನ ಮರ್ಯಾದೆ ಅಂತ ಸುಮ್ನಿದ್ದೆ. ಬಸ್‌ಸ್ಟಾಪಲ್ಲಿ ಮಾತ್ರ ಹೇಳ್ದೆ.

ಆಮೇಲೆ ರೆಕ್ಕೆ. ಒಂದು ರೆಕ್ಕೆ ಮುಗೀತು, ಎರಡನೇದೂ ಮುಗೀತು, ಎತ್ತಿ ಹಿಡಿದು ನೋಡಿದ್ರೆ ಎರಡೂ ಎಡಗಡೇದೆ. ಪುಸ್ತಕದ ಚಿತ್ರ ತಿರುಗಿಸಿ ನೋಡ್ಬೇಕಿತ್ತಂತೆ. ಬಿಚ್ಚಿ ಮತ್ತೆ ಮಾಡಿದ್ರು. ಅದಕ್ಕೆ ಬಟ್ಟೆ ಹೊದೆಸಿ, ಮೇಲೆ ಇಸ್ತ್ರಿ ಹಾಕಿದ್ರೆ ಬಿಗಿಯಾಗಿ ಕೂರ್ತದಂತೆ. ಆ ಚಳಿಗಾಲ ಪೂರ್ತಿ ಎಸ್ತರಮ್ಮ ಚರ್ಚಿಗೆ ಸುಕ್ಕು ಸೀರೆ ಉಟ್ಕಂಡು ಹೋದ್ರು, ವಿಮಾನ ಗರಿಗರಿ ಇಸ್ತ್ರಿಲಿ ನಿಂತಿತ್ತು.

ಇಷ್ಟೆಲ್ಲ ಯಾಕಪ್ಪ ಅಂತ ನಾನೇ ಒಂದಿನ ಕೇಳ್ದೆ. ಆಗ ಅವ್ರು ಹೇಳಿದ್ದು, "ಘಾಟಿಯ ಮೇಲಿಂದ ಒಮ್ಮೆ ಹಾರಬೇಕು ಕೆಂಚಮ್ಮ. ಹುಟ್ಟಿದ ಊರೂ ಬದುಕಿದ ಊರೂ ಒಂದೇ ನೋಟಕ್ಕೆ ಕಾಣ್ತದಾ ಅಂತ ನೋಡಬೇಕು. ಒಂದೇ ಸಲ." ಹಾರ್ಸೋದನ್ನೂ ಎಲ್ಲೋ ಹೋಗಿ ಕಲ್ತು ಬಂದಿದ್ರು. ಆದ್ರೆ ಕಣ್ಣಲ್ಲಿ ಪೊರೆ ಸುರುವಾಗಿತ್ತು. ಡಾಕ್ಟ್ರು ಪರೀಕ್ಷೆ ಮಾಡಿ, ಏಪ್ರಿಲ್ ತನಕ ಪಾಸು ಮಾಡ್ತೀನಿ, ಆಮೇಲೆ ವಿಮಾನದ ವಿಚಾರಕ್ಕೆ ನನ್ನತ್ರ ಬರ್ಬೇಡಿ ಅಂದಿದ್ರಂತೆ. ಅಂದ್ರೆ ಮಳೆ ಹಿಡಿಯೋದ್ರೊಳಗೆ ಹಾರ್ಬೇಕು. ಇಲ್ಲಾಂದ್ರೆ ಇಲ್ಲ.

ವಿಮಾನಕ್ಕೆ ಲೈಸೆನ್ಸ್ ಕೊಡೋ ಮೇಲಿನ ಆಫೀಸ್‌ನೋರು ಎಲ್ಲ ನೋಡಿ ಒಪ್ಪಿ, ಒಂದೇ ಒಂದು ಕೇಳಿದ್ರು. ನಿಮ್ಮ ಪಂಚಾಯ್ತಿಯಿಂದ 'ನಮ್ಮ ಅಭ್ಯಂತರ ಇಲ್ಲ' ಅಂತ ಒಂದು ಪತ್ರ. ಆಲ್ಬರ್ಟಣ್ಣ ಖುಷಿಯಾಗಿ ಪಂಚಾಯ್ತಿಗೆ ಹೋದ್ರು. ಅಭ್ಯಂತರ ಇಲ್ಲ ಅನ್ನೋಕೆ ಎಷ್ಟೊತ್ತು ಬೇಕು ಅಂದ್ಕಂಡು.

ಅಲ್ಲಿ ಪಿಡಿಒ ನವೀನ್‌ಕುಮಾರ್ ಅಂತ. ಒಳ್ಳೆ ಮನುಷ್ಯ, ಕಾನೂನು ಬಿಟ್ಟು ನೀರೂ ಕುಡಿಯಲ್ಲ. ಏನ್ ಮಾಡ್ತಾ ಇದೀರಿ ಸಾರ್ ಅಂತ ಕೇಳಿದ್ರು. ಆಲ್ಬರ್ಟಣ್ಣ, "ವಿಮಾನ ಕಟ್ತಾ ಇದ್ದೇನೆ" ಅಂದ್ರು.

ಅಲ್ಲೇ ಕೆಟ್ಟಿದ್ದು ನೋಡು.

"ಪರವಾನಗಿ ತಗಂಡ್ರಾ?" ಅಂದ್ರು ನವೀನ್‌ಕುಮಾರ್.

"ಯಾವುದಕ್ಕೆ?"

"ಕಟ್ಟೋದಕ್ಕೆ. ಕಟ್ಟೋದೆಲ್ಲ ಕಟ್ಟಡ ಸಾರ್."

ಜೋಡಿಸ್ತಾ ಇದೀನಿ ಅಂದಿದ್ರೆ ಸೈಕಲ್ ಶಾಪಿನ ಲೆಕ್ಕಕ್ಕೆ ಹೋಗ್ತಿತ್ತು. ಮಾಡ್ತಾ ಇದೀನಿ ಅಂದಿದ್ರೆ ಅಡಿಗೆ ಲೆಕ್ಕ. ಕಟ್ತಾ ಇದೀನಿ ಅಂದ್ಬುಟ್ರು. ಹೂವಾ ಕಟ್ಟಿದ್ದು, ಹಸುವಾ ಕಟ್ಟಿದ್ದು ಅಂತ ವಿಚಾರ್ಸೋ ಅಷ್ಟು ಪುರುಸೊತ್ತು ಆಫೀಸಲ್ಲಿ ಇರಲ್ಲ. ಇದು ಹಾರ್ತದೆ ಸಾರ್ ಅಂತ ಆಲ್ಬರ್ಟಣ್ಣ ಬೇಡ್ಕಂಡ್ರಂತೆ. ಹಾರೋದು ಬಿಡೋದು ಕಟ್ಟಿ ಮುಗ್ದಮೇಲಿನ ವಿಚಾರ, ಮೊದ್ಲು ಕಟ್ಟಡ ಕ್ರಮಬದ್ಧ ಆಗ್ಲಿ ಅಂದ್ರಂತೆ ನವೀನ್‌ಕುಮಾರ್.

ಅಧ್ಯಕ್ಷರ ಕುರ್ಚಿಲಿ ವೀರಭದ್ರಯ್ಯ ಕೂತಿದ್ದ. ನಮ್ಮ ಅಧ್ಯಕ್ಷೆ ಗಂಗಾಮಣಿ, ಅವಳ ಗಂಡ ಇವನು. ಸೈನಿಗೆ ಅವಳು ಬರ್ತಾಳೆ, ಮಿಕ್ಕಿದ್ದಕ್ಕೆಲ್ಲ ಇವನು. ಆ ಸಲ ಮನೆ ಇಲ್ದೋರಿಗೆ ಮನೆ ಕಟ್ಸೋ ಯೋಜನೆಲಿ ನಮ್ಮ ಪಂಚಾಯ್ತಿಗೆ ಒಂದೇ ಒಂದು ಮನೆ ಕಮ್ಮಿ ಬಿದ್ದಿತ್ತು. ಮಾರ್ಚ್ ಮುಗಿಯೋದ್ರೊಳಗೆ ಅದೊಂದು ಎದ್ದು ನಿಂತ್ರೆ ಜಿಲ್ಲೆಗೆ ಮೊದ್ಲ ಬಹುಮಾನ. ಅದಕ್ಕೇ ವೀರಭದ್ರಯ್ಯ ಕಿವಿ ನಿಮಿರಿಸ್ಕಂಡು ಕೇಳ್ದ.

"ಅದಕ್ಕೆ ಬಾಗ್ಲು ಐತಾ ಆಲ್ಬರ್ಟಣ್ಣ?"

ಐತೆ ಅಂದ್ರು.

"ಮೇಲೆ ಮುಚ್ಚಿಗೆ?"

ರೆಕ್ಕೆ ಮೇಲ್ಗಡೆ ಬರೋ ಥರದ್ದು, ಕೆಳಗೆ ನೆರಳು ಬೀಳ್ತದೆ ಅಂದ್ರು.

"ಒಳಗೆ ಎಷ್ಟು ಜನ?"

"ಇಬ್ಬರು."

"ಚಿಕ್ಕ ಸಂಸಾರ" ಅಂದು ಬರ್ಕಂಡ್ರು ನವೀನ್‌ಕುಮಾರ್.

ಮಾರನೇ ದಿನಾನೇ ಕಸದ ಆಟೋ ಮೈಕಲ್ಲಿ ಕೂಗ್ಕಂಡ್ ಬಂತು. ನಂಗೆ ಬಾಯಿಪಾಠ ಐತೆ, ಕೇಳು. 'ಸಮಸ್ತ ಗ್ರಾಮಸ್ಥರ ಗಮನಕ್ಕೆ. ಶ್ರೀ ಆಲ್ಬರ್ಟ್‌ರವರ ಕಣದಲ್ಲಿ ನಿರ್ಮಾಣ ಹಂತದಲ್ಲಿರುವ ರೆಕ್ಕೆಸಹಿತ ವಾಸದ ಮನೆಯ ಬಗ್ಗೆ ಆಕ್ಷೇಪಣೆ ಇದ್ದವರು ಕಚೇರಿ ವೇಳೆಯಲ್ಲಿ ಖುದ್ದು ಹಾಜರಾಗಿ ತಿಳಿಸತಕ್ಕದ್ದು. ತಪ್ಪಿದಲ್ಲಿ ಸದರಿ ಮನೆಯನ್ನು ಮನೆಯೆಂದೇ ಭಾವಿಸಲಾಗುವುದು. ಹಸಿ ಕಸ, ಒಣ ಕಸವನ್ನು ಬೇರೆ ಬೇರೆಯಾಗಿ ನೀಡತಕ್ಕದ್ದು.' ಯಾರೂ ಹೋಗ್ಲಿಲ್ಲ. ಎಲ್ರೂ ಕಸ ಕೊಟ್ಟು ಒಳಗೆ ಬಂದ್ವಿ.

ಮನೆ ಇಲ್ದೋರು ಅಂತ ಒಬ್ರು ಬೇಕಲ್ಲ, ವೀರಭದ್ರಯ್ಯ ತನ್ನ ಅಕ್ಕನ ಮಗಳು ಪುಷ್ಪಾನ ಹೆಸರು ಹಾಕ್ಸಿದ. ಅವಳಿಗೆ ಆಲೂರಲ್ಲಿ ಮಹಡಿ ಮನೆ ಐತೆ. ಆದ್ರೆ ಅದು ಆಲೂರು. ನಮ್ಮ ಪಂಚಾಯ್ತಿ ಗಡಿ ಒಳಗೆ ಅವಳಿಗೆ ತಲೆ ಮೇಲೆ ಸೂರಿಲ್ಲ, ಪಾಪ. ಯೋಜನೆ ದುಡ್ಡು ಅವಳ ಖಾತೆಗೆ, ಪತ್ರ ಆಲ್ಬರ್ಟಣ್ಣನಿಗೆ, ಬಹುಮಾನ ಪಂಚಾಯ್ತಿಗೆ. ಯಾರಿಗೂ ಮೋಸ ಇಲ್ಲ ಅಂತ ವೀರಭದ್ರಯ್ಯ ವಿವರ್ಸಿದ. ಆಲ್ಬರ್ಟಣ್ಣನಿಗೆ ಪತ್ರ ಸಿಕ್ರೆ ಸಾಕಾಗಿತ್ತು. ಹೂಂ ಅಂದ್ಬುಟ್ರು.

ಯೋಜನೆ ಮನೆಗೆ ಹಂತ ಹಂತಕ್ಕೂ ಫೋಟೋ ತೆಗ್ದು ಕಂಪ್ಯೂಟರಿಗೆ ಹಾಕ್ಬೇಕು. ಬುನಾದಿ ಮುಂದೆ ಒಂದು, ಲಿಂಟಲ್ ಮುಂದೆ ಒಂದು, ಛಾವಣಿ ಮುಂದೆ ಒಂದು. ಛಾವಣಿ ರೆಕ್ಕೆ ಆಯ್ತು. ಲಿಂಟಲ್ ಎಲ್ಲಿ ಅಂತ ಹುಡುಕಿ ಹುಡುಕಿ, ಮುಂದಿನ ಗಾಜಿನ ಮೇಲಿರೋ ಪಟ್ಟಿನೇ ಲಿಂಟಲ್ ಅಂತ ತೀರ್ಮಾನ ಆಯ್ತು. ಪುಷ್ಪಾ ರೇಷ್ಮೆ ಸೀರೆ ಉಟ್ಟು, ಕೈ ಮುಗ್ದು, ವಿಮಾನದ ಮೂತಿಲಿರೋ ಫ್ಯಾನಿನ ಪಕ್ಕ ನಿಂತ್ಕಂಡ್ಲು. ಆಲ್ಬರ್ಟಣ್ಣ ಫೋಟೋಲಿ ಬರ್ತಾವ್ರೆ, ಸ್ವಲ್ಪ ಆ ಕಡೆ ಹೋಗಿ ಸಾರ್ ಅಂದ್ರು. ಹೋದ್ರು.

ತೊಂದ್ರೆ ಬಂದಿದ್ದು ಬುನಾದಿಗೆ. ಕೆಳಗೆ ಇದ್ದಿದ್ದು ಚಕ್ರ.

ಚಕ್ರನೇ ಬುನಾದಿ ಅಂತ ತಿಳ್ಕಳ್ಳಿ ಅಂದ್ರು ಆಲ್ಬರ್ಟಣ್ಣ. ನವೀನ್‌ಕುಮಾರ್ ಫೋನ್ ತಿರುಗಿಸಿ ತೋರ್ಸಿದ್ರು. ಕಂಪ್ಯೂಟರಲ್ಲಿ ಸೈಜುಗಲ್ಲು ಐತೆ, ಕಾಂಕ್ರೀಟ್ ಐತೆ, ಚಕ್ರ ಇಲ್ಲ. ಬುನಾದಿ ಫೋಟೋ ಹಾಕ್ದೆ ಮುಂದಿಂದು ತಗಳಲ್ಲ, ಮುಂದಿಂದು ಆಗ್ದೆ ಪತ್ರ ಬರಲ್ಲ.

"ಬುನಾದಿ ಹಾಕಿದ ಮೇಲೆ ಹಾರೋದು ಹೇಗೆ ಮಾರಾಯ್ರೆ?" ಅಂದ್ರು ಆಲ್ಬರ್ಟಣ್ಣ.

"ಪತ್ರ ಇಲ್ದೆ ಹಾರೋದು ಹೇಗೆ ಸಾರ್?" ಅಂದ್ರು ನವೀನ್‌ಕುಮಾರ್. ಕೇಳಿದ್ದು ಸರಿಯಾಗೇ ಐತೆ, ತಪ್ಪು ಹುಡುಕೋಕಾಗಲ್ಲ.

ಆವತ್ತು ಸಂಜೆ ಎಸ್ತರಮ್ಮ ಬೇಡ ಅಂದ್ರು. ನಾನು ಬೇಲಿ ಹತ್ರ ಸೀಗೆಸೊಪ್ಪು ಕುಯ್ತಾ ಇದ್ದೆ, ಕಿವಿಗೆ ಬಿತ್ತು, ನಾನಾಗಿ ಕೇಳಿಸ್ಕಂಡಿದ್ದಲ್ಲ. ಬಿಟ್ಟುಬಿಡಿ, ಇಷ್ಟು ದಿನ ಮಾಡಿದ್ದೇ ಸಾಕು ಅಂದ್ರು. ಆಲ್ಬರ್ಟಣ್ಣ ಚಕ್ರಕ್ಕೆ ಒರಗಿ ಕೂತಿದ್ರು. "ಕಾಂಕ್ರೀಟ್ ಒಡೀಬಹುದು ಎಸ್ತರ್. ಏಪ್ರಿಲ್ ಹೋದ್ರೆ ಅದನ್ನ ವಾಪಸ್ ತರ್ಲಿಕ್ಕೆ ಆಗೂದಿಲ್ಲ" ಅಂದ್ರು.

ಮೇಸ್ತ್ರಿ ಬಂದು ಚಕ್ರದ ಅಡಿಗೂ ಹಾಕಿ, ಅರ್ಧ ಚಕ್ರ ಮುಚ್ಚೋ ಹಂಗೆ ಕಾಂಕ್ರೀಟ್ ಸುರಿದ. ಫೋಟೋ ಆಯ್ತು. ನೀರು ಹಾಕಿ ಕ್ಯೂರಿಂಗ್ ಮಾಡೋ ಕೆಲಸ ಆಲ್ಬರ್ಟಣ್ಣಂದೇ. ದಿನಾ ಬೆಳಿಗ್ಗೆ ಕೊಡ ಹಿಡ್ಕಂಡು ತಮ್ಮ ಚಕ್ರನ ತಾವೇ ಗಟ್ಟಿ ಮಾಡ್ತಿದ್ರು. ಅದಾದ್ಮೇಲೆ ಶೌಚಾಲಯ ಇಲ್ದೆ ಮನೆ ಪೂರ್ತಿ ಆಗಲ್ಲ ಅಂತ ಗೊತ್ತಾಯ್ತು. ಬಾಲದ ಹಿಂದೆ ಒಂದು ಕಟ್ಸಿದ್ರು. ಪುಷ್ಪಾ ಆಲೂರಿಂದ ಬಂದು, ಒಳಗೆ ಒಲೆ ಇಡೋಕೆ ಜಾಗ ಸಾಲ್ದೆ ಪೈಲಟ್ ಸೀಟ್ ಮೇಲೆ ಸ್ಟವ್ ಇಟ್ಟು ಹಾಲು ಉಕ್ಕಿಸಿದ್ಲು. ಉಕ್ಕಿದ ಹಾಲು ಮೀಟರ್‌ಗಳ ಮೇಲೆ ಹರೀತು. ಒಳ್ಳೆ ಶಕುನ ಅಂದ್ರು ಎಲ್ರೂ. ಮೂಲೆಲಿ ನಿಂತಿದ್ದ ಆಲ್ಬರ್ಟಣ್ಣ ಕರ್ಚೀಫಲ್ಲಿ ಮೀಟರ್ ಒರೆಸಿ, ಕೊಟ್ಟ ಹೋಳಿಗೆ ತಿಂದ್ರು.

ಮಾರ್ಚ್ ಕೊನೆಗೆ ಪತ್ರ ಬಂತು. ಮಾತು ಅಂದ್ರೆ ಮಾತು, ಪಂಚಾಯ್ತಿನೋರು ತಪ್ಪಲ್ಲ. ಎಸ್ತರಮ್ಮ ಓದಿ ಹೇಳಿದ್ರು. 'ಸದರಿ ಮನೆಯು ಹಾರುವುದಕ್ಕೆ ಈ ಕಚೇರಿಯ ಅಭ್ಯಂತರವಿರುವುದಿಲ್ಲ. ಷರತ್ತು: ಹಾರುವ ಕಾಲಕ್ಕೆ ಬುನಾದಿಗೆ ಧಕ್ಕೆಯಾಗಕೂಡದು, ಮತ್ತು ಮನೆಯು ತನ್ನ ನಿವೇಶನವನ್ನು ಬಿಟ್ಟು ಹೋಗಕೂಡದು.'

ಆಲ್ಬರ್ಟಣ್ಣ ಸುತ್ತಿಗೆ ತಗಂಡು ಪಂಚಾಯ್ತಿಗೇ ಹೋದ್ರು. ಹೊಡಿಯೋಕಲ್ಲ, ಕೇಳೋಕೆ. ಈಗ ಕಾಂಕ್ರೀಟ್ ಒಡೀಬಹುದಾ ಅಂತ. ಅದು ಯೋಜನೆ ಮನೆ ಸಾರ್, ಒಡೆದ್ರೆ ಬಡವರ ಸೂರು ಕೆಡವಿದ ಕೇಸ್ ಆಗ್ತದೆ, ಪುಷ್ಪಮ್ಮ ಬೀದಿಗೆ ಬೀಳ್ತಾರೆ ಅಂದ್ರು ನವೀನ್‌ಕುಮಾರ್. ಹೇಳುವಾಗ ಅವ್ರ ಕಣ್ಣಲ್ಲೂ ನೀರಿತ್ತಂತೆ. ಮನುಷ್ಯ ಕೆಟ್ಟೋನಲ್ಲ ಅಂದ್ನಲ್ಲ.

ಹಾರಾಟಕ್ಕೆ ದಿನ ಇಟ್ರು. ಕಣದಲ್ಲಿ ಶಾಮಿಯಾನ, ಕುರ್ಚಿ, ಮೈಕು. ಹೆಗ್ಗದ್ದೆ ಕಡೆಯಿಂದೆಲ್ಲ ಜನ ಜೀಪ್ ಮಾಡ್ಕಂಡ್ ಬಂದಿದ್ರು. ಗಂಗಾಮಣಿ ಟೇಪ್ ಕತ್ತರಿಸಿದ್ಲು, ವೀರಭದ್ರಯ್ಯ ಭಾಷಣ ಮಾಡ್ದ. ಆಲ್ಬರ್ಟಣ್ಣ ಇಸ್ತ್ರಿ ಅಂಗಿ ಹಾಕ್ಕಂಡು ಒಳಗೆ ಕೂತು ಇಂಜಿನ್ ಸುರು ಮಾಡಿದ್ರು. ಫ್ಯಾನು ತಿರುಗ್ತು ನೋಡವ್ವ, ಶಾಮಿಯಾನ ಎದ್ದು ಕಾಫಿ ತೋಟದೊಳಗೆ ಹೋಯ್ತು. ಅವತ್ತು ಹಾರಿದ್ದು ಅಂದ್ರೆ ಅದೇ. ವಿಮಾನ ಮಾತ್ರ ಗಡಗಡ ನಡುಗ್ತಾ, ಮೂಗುದಾರ ಹಿಡಿದ ಎತ್ತಿನ ಥರ ಜಗ್ತಾ ಜಗ್ತಾ ಅಲ್ಲೇ ನಿಂತಿತ್ತು. ಮೇಸ್ತ್ರಿ ಸಿಮೆಂಟಿಗೆ ಕಮ್ಮಿ ಮಾಡಿರ್ಲಿಲ್ಲ. ನಮ್ಮ ಪಂಚಾಯ್ತಿ ಚರಿತ್ರೆಲೇ ಬಿರುಕು ಬಿಡದ ಕಾಂಕ್ರೀಟ್ ಅದೊಂದೇ.

ಸುಮಾರು ಹೊತ್ತು ಬಿಟ್ಟು ಇಂಜಿನ್ ಆರ್ಸಿದ್ರು. ಚಪ್ಪಾಳೆ ಹೊಡಿಬೇಕಾ ಬೇಡ್ವಾ ಅಂತ ಗೊತ್ತಾಗದೆ ಎಲ್ರೂ ಆಫೀಸರ್ ಮುಖ ನೋಡಿದ್ವಿ. ನವೀನ್‌ಕುಮಾರ್ ಬಗ್ಗಿ ಚಕ್ರ ನೋಡಿದ್ರು. ಎದ್ದು ಮೈಕ್ ತಗಂಡ್ರು.

"ಚಕ್ರವು ನೆಲವನ್ನು ಮುಟ್ಟಿರುವುದಿಲ್ಲ. ಕಾಂಕ್ರೀಟನ್ನು ಮುಟ್ಟಿರುತ್ತದೆ. ನೆಲವನ್ನು ಮುಟ್ಟದೆ ಇರುವುದಕ್ಕೆ ಹಾರಾಟ ಎನ್ನುತ್ತಾರೆ. ಹಾರಾಟ ಯಶಸ್ವಿಯಾಗಿದೆ."

ಆಗ ಹೊಡೆದ್ರು ನೋಡು ಚಪ್ಪಾಳೆ. ನಾನೂ ಹೊಡೆದೆ. ಆಲ್ಬರ್ಟಣ್ಣನಿಗೆ ಶಾಲು ಹೊದೆಸಿ, ಹಾರ ಹಾಕಿದ್ರು. ಸೀಟ್ ಬೆಲ್ಟ್ ಬಿಚ್ಚಿರ್ಲಿಲ್ಲ, ಬೆಲ್ಟಿನ ಮೇಲೇ ಹಾಕಿದ್ರು. ಜನ ಎಲ್ಲ ಮೊಸರನ್ನದ ಕಡೆ ಹೋದ್ಮೇಲೂ ಅವ್ರು ಇಳೀಲಿಲ್ಲ. ನಾನು ಹತ್ರ ಹೋಗಿ, ಹುಟ್ಟಿದೂರು ಕಾಣಿಸ್ತಾ ಆಲ್ಬರ್ಟಣ್ಣ ಅಂದೆ. ಮುಂದಿನ ಗಾಜಿನಾಚೆ ನೋಡ್ತಾನೇ ಇದ್ರು. "ನಿಮ್ಮ ದನದ ಕೊಟ್ಟಿಗೆ ಕಾಣ್ತದೆ ಕೆಂಚಮ್ಮ" ಅಂದ್ರು.

ಆಮೇಲೇನು, ಏಪ್ರಿಲ್ ಬಂತು, ಹೋಯ್ತು. ಪಂಚಾಯ್ತಿಗೆ ಬಹುಮಾನ ಬಂತು, ವೀರಭದ್ರಯ್ಯನ ಮನೆಗೆ ಗ್ರಾನೈಟ್ ಬಂತು, ಆಲ್ಬರ್ಟಣ್ಣನ ಕಣ್ಣಿಗೆ ಪೊರೆ ಪೂರ್ತಿ ಬಂತು. ಚಕ್ರ ಇವತ್ತಿಗೂ ನೆಲ ಮುಟ್ಟಿಲ್ಲ, ಆದ್ರಿಂದ ವಿಮಾನ ಅವತ್ತಿಂದ ಇಳಿದೇ ಇಲ್ಲ, ಹಾರ್ತಾನೇ ಐತೆ ಅಂತ ಲೆಕ್ಕ. ಜಿಲ್ಲೆಯಿಂದ ಬಂದ ಆಫೀಸರು ಕೂಡ ನೋಡಿ, ಸರಿಯಾಗಿ ಹಾರ್ತಾ ಐತೆ ಅಂತ ಬರ್ಕಂಡು ಹೋದ್ರು. ಕರೆಂಟಿನೋನು ಬಂದು ರೀಡಿಂಗ್ ತಗಂತಾನೆ. ಊರಲ್ಲಿ ಯಾರೂ ಅದನ್ನ ವಿಮಾನ ಅನ್ನಲ್ಲ ಈಗ, ಪುಷ್ಪಮ್ಮನ ಮನೆ ಅಂತಾರೆ. ಒಬ್ರು ಮಾತ್ರ ಒಪ್ಪಿಲ್ಲ. ಊರೆಲ್ಲ ಛಾವಣಿ ಅಂದ್ರೂ ಆಲ್ಬರ್ಟಣ್ಣ ಹೋದ ವಾರಾನೂ ಅದನ್ನ ರೆಕ್ಕೆ ಅಂತಾನೇ ಅಂತಿದ್ರು, ಎದುರಿಗಿರೋರು ತಿದ್ದಿದ್ರೂ ಕೇಳ್ತಿರ್ಲಿಲ್ಲ. ನಂಗೂ ಒಳಗೊಳಗೇ—

ತಡಿ. ಚಪ್ಪಲಿ ಸದ್ದು. ಆ ಕೆಮ್ಮು ಅವ್ರದ್ದೇ ಕಣೆ. ಲೋಟ ಬಾಯಿಗಿಟ್ಕ, ಕಾಫಿ ಕುಡಿಯೋ ಥರ ಕೂತ್ಕ.

"ಕೆಂಚಮ್ಮ, ಇದ್ದೀರಾ? ನಿಮ್ಮ ಏಣಿ ಸ್ವಲ್ಪ ಬೇಕಿತ್ತು. ಮಳೆಗೆ ಮುಂಚೆ ಪುಷ್ಪಮ್ಮನ ಮನೆ ಛಾವಣಿಗೆ ನಾಲ್ಕು ಹೆಂಚು ಹೊದೆಸುವ ಅಂತ. ತುಂಬಾ ಸೋರ್ತಾ ಉಂಟು."

ಬಂದೆ ಆಲ್ಬರ್ಟಣ್ಣ. ಬಾಗ್ಲು ತೆಗ್ದೇ ಐತೆ, ಬನ್ನಿ. ಏನಿಲ್ಲ, ಈ ಹುಡುಗಿಗೆ ಸಾರಿನ ಪುಡಿ ಮಾಡೋದು ಹೇಳ್ಕೊಡ್ತಾ ಇದ್ದೆ.