ಸೋಮವಾರದ ಬಿಡುವು ಪಾಲಿಸದ ಶ್ರೀಮತಿ ಚಂದ್ರವ್ವನವರಿಗೆ

ಇವರಿಗೆ,
ಶ್ರೀಮತಿ ಚಂದ್ರವ್ವ
(ಕರಿಯ ಆಡು, ಹಣೆಯ ಮೇಲೆ ಬಿಳಿಯ ಚುಕ್ಕೆ),
ಹನುಮವ್ವನವರ ಹಿತ್ತಲು,
ಗೋಪನಕೊಪ್ಪ, ಹುಬ್ಬಳ್ಳಿ.

ಮಾನ್ಯರೇ,

ತಮ್ಮ ಕೊಂಬಿಗೆ, ಗಡ್ಡಕ್ಕೆ ಮತ್ತು ಜೀರ್ಣಶಕ್ತಿಗೆ ನನ್ನ ಅನಂತ ನಮಸ್ಕಾರಗಳು. ತಾವೂ ತಮ್ಮ ಪರಿವಾರದ ಏಳು ಸದಸ್ಯರೂ ಕ್ಷೇಮವಾಗಿರುವಿರೆಂದು ಬಲ್ಲೆ, ಏಕೆಂದರೆ ಕಳೆದ ಸೋಮವಾರ ತಾವೆಲ್ಲರೂ ಹೊಟ್ಟೆ ತುಂಬ ಉಂಡು ನಮ್ಮ ಬಡಾವಣೆಯ ಉದ್ಯಾನದ ಬೆಂಚಿನ ನೆರಳಿನಲ್ಲಿ ಮೆಲುಕು ಹಾಕುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಇತ್ತ ನನ್ನ ಕ್ಷೇಮ ಅಷ್ಟಕ್ಕಷ್ಟೆ. ಅದರ ಕಾರಣವನ್ನು ತಮ್ಮ ಅವಗಾಹನೆಗೆ ತರುವುದೇ ಈ ಪತ್ರದ ಉದ್ದೇಶವಾಗಿದ್ದು, ಇದು ಬಹಿರಂಗ ಪತ್ರವಾದ್ದರಿಂದ ಉದ್ಯಾನದ ಗೇಟಿಗೆ, ತಮ್ಮ ಬಾಯಿಗೆ ಎಟುಕದಷ್ಟು ಎತ್ತರದಲ್ಲಿ ಅಂಟಿಸಲಿದ್ದೇನೆ.

ನಾನು ಬಸವಪ್ರಭು, ವಿದ್ಯಾನಗರದ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ನಮ್ಮ ಉದ್ಯಾನದ ಮೂಲೆಯ ಖೋಲಿಯಲ್ಲಿ ಹುಲ್ಲು ಕತ್ತರಿಸುವ ಹಳೆಯ ಕೈಯಂತ್ರವೊಂದಿದೆ. ಐದು ಸುರುಳಿ ಅಲಗುಗಳು ಗರಗರ ತಿರುಗುತ್ತವೆ, ಅವುಗಳ ಕೆಳಗೆ ಅಲುಗಾಡದ ಪಟ್ಟಿಯಂಥ ಅಲಗೊಂದಿದೆ, ಇವೆರಡರ ನಡುವೆ ಸಿಕ್ಕ ಹುಲ್ಲು ದರ್ಜಿಯ ಕತ್ತರಿಗೆ ಸಿಕ್ಕ ಬಟ್ಟೆಯ ಹಾಗೆ ತುಂಡಾಗಬೇಕು. ಹಿಂದಿನಿಂದ ಒಬ್ಬರು ನೂಕಬೇಕು, ಮುಂದಿನಿಂದ ಹಗ್ಗ ಕಟ್ಟಿ ಇನ್ನೊಬ್ಬರು ಎಳೆಯಬೇಕು. ಅಲಗು ಮೊಂಡಾಗಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಗುಜರಿಗೆ ಹಾಕಿ, ಹೆಗಲಿಗೆ ನೇತುಹಾಕಿಕೊಂಡು ಬಡಾವಣೆಯ ನಿದ್ದೆ ಕೆಡಿಸುವ ಪೆಟ್ರೋಲ್ ಯಂತ್ರ ತರಬೇಕೆಂದು ಉದ್ಯಾನ ಸಮಿತಿಯವರು ತೀರ್ಮಾನಿಸುತ್ತಿದ್ದಾಗ ನಾನು ಎದ್ದು ನಿಂತು, ಆರು ವಾರ ಕೊಡಿ, ಇದರಿಂದಲೇ ಹುಲ್ಲು ಕತ್ತರಿಸಿ ತೋರಿಸುತ್ತೇನೆ, ಇಲ್ಲವಾದರೆ ಗುಜರಿ ಗಾಡಿಗೆ ನಾನೇ ಎತ್ತಿ ಹಾಕುತ್ತೇನೆ ಎಂದು ಎಲ್ಲರೆದುರು ಮಾತು ಕೊಟ್ಟುಬಿಟ್ಟೆ.

ಮೊದಲು ಸಾಣೆ ಹಿಡಿಯುವ ಮುಕ್ತಾರರ ಬಳಿಗೆ ಒಯ್ದೆ. ಊರಿನ ಈಳಿಗೆ, ಕತ್ತರಿಗಳೆಲ್ಲ ಅವರ ಕಲ್ಲನ್ನು ಕಂಡಂಥವೇ. ಅವರು ಯಂತ್ರವನ್ನು ಒಂದು ಸುತ್ತು ತಿರುಗಿಸಿ ನೋಡಿ, “ಮಾಸ್ತರ, ಇದನ್ನ ಕಲ್ಲಿಗೆ ಹಚ್ಚಬ್ಯಾಡ್ರಿ. ಒಂದ ಅಲಗ ಸಣ್ಣ, ಒಂದ ದೊಡ್ಡ ಆತಂದ್ರ ಹುಲ್ಲ ಕಡಿಯೂದಿಲ್ಲ, ಬರೇ ಕುಣಿತೈತಿ. ಅಲಗ ಮಸೆಯು ಪೇಸ್ಟ್ ಹಚ್ಚಿ ಉಲ್ಟಾ ತಿರುವ್ರಿ, ತಾನ ಹರಿತ ಆಗ್ತೈತಿ” ಎಂದರು. ಅದರಂತೆ ಹಿತ್ತಲಿನಲ್ಲಿ ಕುಳಿತು ಆರು ವಾರ ಅದನ್ನು ಉಲ್ಟಾ ತಿರುವಿದೆ. ಎರಡು ತುದಿಯ ತಿರುಪುಗಳನ್ನು ಬಿಗಿ ಮಾಡಿದರೆ ಯಂತ್ರ ಕಿರುಚುತ್ತಿತ್ತು, ಸಡಿಲ ಮಾಡಿದರೆ ಹುಲ್ಲನ್ನು ಮಡಚಿ ಮಲಗಿಸುತ್ತಿತ್ತು. ಸರಿಯಾಗಿದೆಯೋ ಇಲ್ಲವೋ ತಿಳಿಯಲು ಅಲಗುಗಳ ನಡುವೆ ಕಾಗದ ಹಿಡಿದು ನೋಡಬೇಕು. ಹಾಗಾಗಿ ಮನೆಗೆ ಬಂದ ದಿನಪತ್ರಿಕೆಗಳೆಲ್ಲ ಒಂದೊಂದು ಬೆರಳಗಲದ ಪಟ್ಟಿಗಳಾದವು. ನನ್ನ ಹೆಂಡತಿ ದಾಕ್ಷಾಯಿಣಿ ಒಂದು ಪಟ್ಟಿ ಹಿಡಿದುಕೊಂಡು, “ಇವತ್ತ ಯಾರೋ ರಾಜೀನಾಮೆ ಕೊಟ್ಟಾರಂತ್ರಿ. ಯಾರಂತ ನಿಮ್ಮ ಯಂತ್ರಕ್ಕ ಗೊತ್ತು” ಎಂದಳು.

ಭಾನುವಾರ ಸಂಜೆ ಕಾಗದ ಒಂದು ಎಳೆಯೂ ಏಳದಂತೆ ತುಂಡಾಯಿತು. ಉದ್ಯಾನದಲ್ಲಿ ಹುಲ್ಲು ನಾಲ್ಕು ಬೆರಳು ಎತ್ತರ ನಿಂತಿತ್ತು. ನಾನು ಯಂತ್ರವನ್ನು ಹುಲ್ಲಿನ ನಡುವೆ ನಿಲ್ಲಿಸಿ, ನಾಳೆ ಬೆಳಿಗ್ಗೆಯೇ ಪ್ರದರ್ಶನ ಎಂದು ಸಾರಿದೆ. ಆದರೆ ಸಮಿತಿಯ ಅಧ್ಯಕ್ಷರೂ ಹೆಬ್ಬಳ್ಳಿಯ ಒಕ್ಕಲುತನದ ಮನೆತನದವರೂ ಆದ ಗುರುಶಿದ್ದಪ್ಪನವರು, “ಮಾಸ್ತರ, ಹಗ್ಗ ಕಟ್ಟಿ ಎಳಿಯೂದಂದ್ರ ಹೂಡಿದಂಗ ಆತು. ಸೋಮವಾರ ಬಸವಣ್ಣನ ದಿನ, ಎತ್ತು ಹೂಡೂದಿಲ್ಲ. ಮಂಗಳವಾರ ನೋಡೂಣು” ಎಂದರು. ಹಗ್ಗ ಎಳೆಯಬೇಕಾದವರು ಅವರೇ ಆಗಿದ್ದರಿಂದ ಈ ಬಿಡುವು ನಿಜಕ್ಕೂ ಯಾರಿಗೆ ಬೇಕಾಗಿತ್ತೆಂದು ಕೇಳುವುದು ಉಚಿತವಲ್ಲವೆಂದು ಮಂಗಳವಾರಕ್ಕೆ ಒಪ್ಪಿದೆ.

ಆ ಸೋಮವಾರವೇ ತಾವು ದಯಮಾಡಿಸಿದಿರಿ. ಎತ್ತಿಗೆ ಬಿಡುವು, ಯಂತ್ರಕ್ಕೆ ಬಿಡುವು, ಅಧ್ಯಕ್ಷರಿಗೂ ಬಿಡುವು. ತಾವೊಬ್ಬರೇ ಸಹಕುಟುಂಬರಾಗಿ ಬೆಳಗಿನಿಂದ ಸಂಜೆಯವರೆಗೆ ದುಡಿದು, ಸಣ್ಣ ಸೈಟಿನಷ್ಟಿರುವ ನಮ್ಮ ಉದ್ಯಾನವನ್ನು ಹಜಾಮತಿ ಮಾಡಿದ ತಲೆಯಂತೆ ನುಣ್ಣಗೆ ಮಾಡಿಟ್ಟಿರಿ. ತಾವು ಒಳಗೆ ಬಂದದ್ದು ಹೇಗೆಂದು ಸಮಿತಿ ಇಂದಿಗೂ ತಲೆ ಕೆಡಿಸಿಕೊಂಡಿದೆ. ಆ ದಿನ ಮುಂಜಾನೆ ಬಸವಣ್ಣನ ಹೆಸರಿನಲ್ಲಿ ಯಂತ್ರಕ್ಕೆ ವಿಭೂತಿ ಹಚ್ಚಲು ಹೋಗಿ, ನೀರು ತಾಗಿದರೆ ತುಕ್ಕು ಹಿಡಿದೀತೆಂದು ಎಣ್ಣೆಯಲ್ಲಿ ಕಲಸಿ ಮೂರು ಬೆರಳು ಎಳೆದು, ಆ ಸಂಭ್ರಮದಲ್ಲಿ ಗೇಟಿನ ಚಿಲಕ ಹಾಕುವುದನ್ನು ಮರೆತವನು ನಾನೇ. ಪತ್ರ ಬಹಿರಂಗವಾದ್ದರಿಂದ ಈಗ ಅವರಿಗೂ ಗೊತ್ತಾಯಿತು.

ಮಂಗಳವಾರ ಇಡೀ ಬಡಾವಣೆ ನೆರೆದಿತ್ತು. ನಾನು ನೂಕಿದೆ, ಅಧ್ಯಕ್ಷರು ಎಳೆದರು, ಅಲಗುಗಳು ಎಷ್ಟು ಚೆನ್ನಾಗಿ ತಿರುಗಿದವೆಂದರೆ ನನಗೇ ಕಣ್ಣು ತುಂಬಿ ಬಂತು. “ಯಂತ್ರ ಛಲೋ ತಿರಗತೈತಿ ಖರೆ, ಆದ್ರ ಕಡ್ಯಾಕ ಏನೈತ್ರಿ?” ಎಂದರು ಗುರುಶಿದ್ದಪ್ಪನವರು. ತಮ್ಮ ಪರವಾಗಿ ಉತ್ತರ ಕೊಡಲು ಬಂದ ಹನುಮವ್ವನವರು, “ನನ್ನ ಆಡ ಏನ್ ತಪ್ಪ ಮಾಡೇತ್ರಿ? ನೀವು ಆರ ವಾರದಾಗ ಮಾಡಲಾರದ್ದು ಅದು ಒಂದ ದಿನದಾಗ ಮಾಡೇತಿ” ಎಂದದ್ದೇ ತಡ, ತಮ್ಮನ್ನು ಉದ್ಯಾನದ ಅಧಿಕೃತ ಹುಲ್ಲು ಕತ್ತರಿಸುವವರನ್ನಾಗಿ ನೇಮಿಸಿ, ಯಂತ್ರವನ್ನು ಸೇವೆಯಿಂದ ಕೈಬಿಟ್ಟು, ಬರುವ ಮಂಗಳವಾರ ಗುಜರಿಗೆ ಕಳಿಸುವುದೆಂದು ಸರ್ವಾನುಮತದಿಂದ ನಿರ್ಣಯವಾಯಿತು. ಆರು ವಾರದಲ್ಲಿ ಅದು ಒಂದೇ ಒಂದು ಹುಲ್ಲಿನ ಎಳೆಯನ್ನೂ ಕತ್ತರಿಸಲಿಲ್ಲ. ನನಗೆ ತುಂಬಾ ಸಂಕಟವಾಯಿತು, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆದರೂ ಗುಣಕ್ಕೆ ಮತ್ಸರವಿರಬಾರದು. ಮೊನ್ನೆ ತಾವು ಆಕಳಿಸಿದಾಗ ಬಗ್ಗಿ ನೋಡಿದೆ: ಮೇಲಿನ ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ! ಕೆಳಗೊಂದು ಸಾಲು ಹಲ್ಲು, ಮೇಲೆ ಬರೀ ಗಟ್ಟಿ ವಸಡು. ತಿರುಪಿಲ್ಲ, ಪೇಸ್ಟಿಲ್ಲ, ಎಣ್ಣೆಯಿಲ್ಲ, ಆದರೂ ಸಂದು ಒಂದಿಷ್ಟೂ ತಪ್ಪಿಲ್ಲ. ಕತ್ತರಿಸಿದ್ದನ್ನು ಅಲ್ಲಲ್ಲೇ ಗುಳಿಗೆ ಮಾಡಿ ಗೊಬ್ಬರವಾಗಿ ಹಾಕುವ ಸೌಲಭ್ಯ ಯಾವ ಪೆಟ್ರೋಲ್ ಯಂತ್ರಕ್ಕಿದೆ? ಈಗ ತಾವು ಅಧಿಕೃತರಾದ್ದರಿಂದ ಕೆಲವು ವಿನಂತಿಗಳಿವೆ. ಇನ್ನು ಮುಂದೆ ಹುಲ್ಲನ್ನು ಸರಿಯಾಗಿ ಒಂದು ಅಂಗುಲಕ್ಕೆ ಬಿಟ್ಟು ಮೇಯಬೇಕು. ಸಾಲು ತಪ್ಪದೆ ಬೇಲಿಯಿಂದ ಬೇಲಿಗೆ ನಡೆಯಬೇಕು, ದಾಸವಾಳದ ಗಿಡ ಬಂದಾಗ ಬಾಯಿ ಎತ್ತಿಕೊಳ್ಳಬೇಕು. ತಿಂಗಳಿಗೊಮ್ಮೆ ದವಡೆಯನ್ನು ಉಲ್ಟಾ ಆಡಿಸಿ ಹರಿತ ಮಾಡಿಕೊಳ್ಳಬೇಕು. ಮತ್ತು, ನುಂಗಿದ್ದನ್ನು ಮತ್ತೆ ಬಾಯಿಗೆ ತರುವ ವಿದ್ಯೆ ತಮಗೆ ಹೇಗೂ ಗೊತ್ತಿರುವುದರಿಂದ, ಕಳೆದ ಸೋಮವಾರದ ಹುಲ್ಲಿನಲ್ಲಿ ಒಂದು ಚಾಪೆಯಷ್ಟನ್ನಾದರೂ, ಬೇರು ಸಮೇತ, ನಿಂತ ಸ್ಥಿತಿಯಲ್ಲಿ ಹಿಂದಿರುಗಿಸಿದರೆ ಉಪಕಾರವಾಗುತ್ತದೆ.

ಆಗದಿದ್ದರೆ ಚಿಂತೆಯಿಲ್ಲ. ಮಂಗಳವಾರ ಎಲ್ಲರೂ ಚಹಾಕ್ಕೆ ಹೋದ ಮೇಲೆ, ಎರಡು ರಾತ್ರಿ ಯಂತ್ರ ನಿಂತಿದ್ದ ಜಾಗವನ್ನು ಹುಡುಕಿ ನೋಡಿದೆ. ಅದರಡಿಯಲ್ಲಿ ಎರಡು ಗೇಣು ಅಗಲದ ಹುಲ್ಲು ತಮ್ಮ ಬಾಯಿಗೆ ಸಿಗದೆ, ಅಪ್ಪಚ್ಚಿಯಾಗಿ ಮಲಗಿ ಉಳಿದುಕೊಂಡಿತ್ತು. ದಿನಾ ನೀರು ಹಾಕಿದ್ದೇನೆ. ಇಂದು ಶನಿವಾರ, ಎದ್ದು ನಿಂತಿದೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದೇನೆ, ಈ ಪತ್ರವನ್ನೂ ಅಲ್ಲಿಂದಲೇ ಬರೆಯುತ್ತಿದ್ದೇನೆ. ತಾವು ಬೇಲಿಯ ಆಚೆಯಿಂದ ನೋಡುತ್ತಿರುವುದು ನನ್ನ ಗಮನಕ್ಕೆ ಬಂದಿದೆ.

ಇಂತಿ, ಕೈಯಲ್ಲಿ ಕೋಲು ಹಿಡಿದೇ ಸಹಿ ಮಾಡುತ್ತಿರುವ,
ತಮ್ಮ ವಿಶ್ವಾಸಿ,
ಬಸವಪ್ರಭು

ತಾ.ಕ.: ಅಧಿಕೃತವಾಗಿ ನೇಮಕಗೊಂಡವರು ಹೂಡಿದ ಎತ್ತಿಗೆ ಸಮಾನರೇ ಎಂದು ಗುರುಶಿದ್ದಪ್ಪನವರನ್ನು ಕೇಳಿದೆ. ಹೌದೆಂದಿದ್ದಾರೆ. ಆದ್ದರಿಂದ ನಾಡಿದ್ದು ಸೋಮವಾರ ತಮಗೆ ಕಡ್ಡಾಯ ಬಿಡುವು, ಹನುಮವ್ವನವರು ತಮ್ಮನ್ನು ಗೂಟಕ್ಕೆ ಕಟ್ಟಲಿದ್ದಾರೆ. ಸೇವೆಯಿಂದ ಕೈಬಿಟ್ಟ ಯಂತ್ರಕ್ಕೆ ಮಾತ್ರ ಯಾವ ಸೋಮವಾರದ ಬಿಡುವೂ ಇಲ್ಲ. ಮುಂಜಾನೆ ಏಳಕ್ಕೆ ಸಮಿತಿಯವರೆದುರು ಆ ಎರಡು ಗೇಣು ಹುಲ್ಲಿನ ಮೇಲೆ ಅದು ಹಾಯಲಿದೆ. “ಹಗ್ಗ ನಾ ಎಳಿತೇನಿ, ಪೇಪರ್ ಒಂದ ಬಿಟ್ಟಬಿಡ್ರಿ” ಎಂದು ದಾಕ್ಷಾಯಿಣಿ ಒಪ್ಪಿದ್ದಾಳೆ. ಕತ್ತರಿಸಿದ ಹುಲ್ಲನ್ನು ತಮ್ಮ ಗೂಟದ ಬಳಿಗೇ ಕಳಿಸಿಕೊಡುತ್ತೇನೆ. ದಯವಿಟ್ಟು ತುದಿಗಳನ್ನು ನೋಡಿ, ಆಮೇಲೆ ನುಂಗಿ.