ಕುಕ್ ಕುಕ್ ಗಿರಣಿಯ ದಂಡಾಕಾರ

ಮಹಾರಾಷ್ಟ್ರದ ವಾಯಿ ಊರಿನ ನಾಮದೇವರಾವ್ ಪಿಸಾಳರು ಮಾತಿನಲ್ಲಿ ಯಾರನ್ನು ಬೇಕಾದರೂ ಸೋಲಿಸಬಲ್ಲವರು. ಅವರು ಗೆಲ್ಲಲಾರದ ಎದುರಾಳಿಗಳು ಎರಡೇ: ಒಂದು ತಿಂಗಳಿಗೊಮ್ಮೆ ಬರುವ ಕರೆಂಟ್ ಬಿಲ್ಲು, ಇನ್ನೊಂದು ಧರ್ಮಪತ್ನಿ ಶೇವಂತಾಬಾಯಿ. ಆ ದಿನ ಬೆಳಿಗ್ಗೆ ಒಂದನ್ನು ಹಿಡಿದುಕೊಂಡು ಇನ್ನೊಂದು ಬಂದು ಎದುರಿಗೆ ನಿಂತಿತು.

“ಅಹೋ, ಮತ್ತ ಬಂದೈತಿ ನೋಡ್ರಿ.”

ಮನೆಯ ಮುಂದಿನ ಕೋಣೆಯೇ ಪಿಸಾಳರ ಹಿಟ್ಟಿನ ಗಿರಣಿ. ನಾಮದೇವರಾವ್ ಕುರ್ಚಿಯಲ್ಲಿ ಕುಳಿತೇ ಕನ್ನಡಕದ ಮೇಲಿನ ಹಿಟ್ಟು ಒರೆಸಿಕೊಂಡು ಓದಿದರು.

“ಸ್ಥಿರ ಆಕಾರ, ವಹನ ಆಕಾರ, ಇಂಧನ ಆಕಾರ... ಕಡೀಕ ಮತ್ತ ಇದು, ದಂಡ ಆಕಾರ! ನಾ ಏನ್ ಕರೆಂಟ್ ಕದ್ದೇನೇನು?”

(ಆ ಸೀಮೆಯ ಬಿಲ್ಲಿನಲ್ಲಿ ಶುಲ್ಕಕ್ಕೆ ‘ಆಕಾರ’ವೆಂದೇ ಹೆಸರು. ದಂಡ, ಆಕಾರ ಎರಡೂ ಕೂಡಿದರೆ ದಂಡಾಕಾರ, ಸವರ್ಣದೀರ್ಘ ಸಂಧಿ. ಕೂಡಿಸಿದರೂ ಬಿಡಿಸಿದರೂ ತೆರುವುದು ಮಾತ್ರ ತಪ್ಪದು.)

“ಸ್ಥಿರ ಆಕಾರ ಅಂದ್ರ ನೀವ. ಮುಂಜಾನಿಂದ ಆ ಕುರ್ಚಿ ಬಿಟ್ಟು ಎದ್ದಿಲ್ಲ. ದಂಡ ಬಂದದ್ದು ಇದು ಮೂರನೇ ಸಲ. ನಾಕನೇ ಸಲ ಬಂತಂದ್ರ ಬೀಸೂ ಕಲ್ಲು ಮಾರಿ ಈ ಖೋಲಿ ಮೊಬೈಲ್ ಅಂಗಡ್ಯಾಂವಗ ಬಾಡಗಿ ಕೊಡ್ತೇನಿ. ಹೇಳಿಲ್ಲ ಅನಬ್ಯಾಡ್ರಿ.”

ನಾಮದೇವರಾವ್ ಬಿಲ್ಲು ಮಡಚಿ ಗಿರಣಿಯ ಕಡೆ ನೋಡಿದರು. ಅದು ತಂದೆಯವರ ಕಾಲದ ಗಿರಣಿ. ಆಗ ಎಣ್ಣೆ ಇಂಜಿನ್ನು. ಹೊಗೆಕೊಳವೆಯ ತುದಿಗೆ ಒಂದು ತಗಡಿನ ಬಟ್ಟಲು. ಇಂಜಿನ್ ಉಸಿರು ಬಿಟ್ಟಾಗಲೆಲ್ಲ ಬಟ್ಟಲು ‘ಕುಕ್ ಕುಕ್ ಕುಕ್’ ಎಂದು ಕೂಗಿದರೆ ಕೃಷ್ಣೆಯ ಘಾಟಿನವರೆಗೂ ಕೇಳುತ್ತಿತ್ತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಲೆಯೆತ್ತಿ, “ಪಿಸಾಳರ ಗಿರಣಿ ಸುರು ಆತವ್ವಾ” ಎನ್ನುತ್ತಿದ್ದರು. ಶಾಲೆಯಲ್ಲಿ ಮಕ್ಕಳು ಮಗ್ಗಿ ಹೇಳುತ್ತಿದ್ದುದೂ ಆ ತಾಳಕ್ಕೇ. ಆ ಸದ್ದನ್ನು ಕೇಳಿಯೇ ಹಿಂದಿನ ಓಣಿಯ ಶೇವಂತಾ ಎಂಬ ಹುಡುಗಿ ಜೋಳದ ಡಬ್ಬಿ ಹೊತ್ತು ಬರುತ್ತಿದ್ದಳು. ಅವಳ ಜೋಳಕ್ಕೆ ಮಾತ್ರ ಸರದಿಯ ನಿಯಮವಿರಲಿಲ್ಲ. (ಮುಂದಿನ ಕಥೆ ಬಿಲ್ಲು ತಂದುಕೊಟ್ಟು ಎದುರಿಗೇ ನಿಂತಿದೆ.)

ಈಗಿನ ಕರೆಂಟ್ ಮೋಟಾರು ನಿದ್ದೆಯಲ್ಲಿರುವ ಬೆಕ್ಕಿನಂತೆ ಗುರುಗುಟ್ಟುತ್ತದೆ, ಅಷ್ಟೆ.

ನಾಮದೇವರಾವ್ ವಿದ್ಯುತ್ ಕಚೇರಿಗೆ ನಾಲ್ಕು ಪುಟಗಳ ತಕರಾರು ಅರ್ಜಿ ಬರೆದರು. ಮೂರು ಪುಟ ತಂದೆಯವರ ಇಂಜಿನ್ನಿನ ಚರಿತ್ರೆ, ಉಳಿದುದರಲ್ಲಿ ವಿಳಾಸ, ಸಹಿ ಮತ್ತು “ಈ ಘೋರ ಅನ್ಯಾಯದ ದಂಡವನ್ನು ಕೂಡಲೇ ಸಂಹರಿಸತಕ್ಕದ್ದು” ಎಂಬ ಒಂದು ವಾಕ್ಯ.

ಎಂಟು ದಿನಕ್ಕೆ ಕಚೇರಿಯಿಂದ ಇಂಜಿನಿಯರ್ ಕದಂ ಮ್ಯಾಡಂ ಬಂದರು. ನಾಮದೇವರಾವ್ ಕುರ್ಚಿ ಬಿಟ್ಟುಕೊಟ್ಟರು. ಅವಲಕ್ಕಿಯ ಪೋಹೆ ತರಿಸಿದರು. ಇಂಜಿನ್ನಿನ ಚರಿತ್ರೆ ಆರಂಭಿಸಿದರು. ಮ್ಯಾಡಂ ಅದನ್ನು ಕೇಳುತ್ತಲೇ ಮೀಟರು ನೋಡಿದರು, ಮೋಟಾರು ನೋಡಿದರು, ಕೊನೆಗೆ ಕಾಳು ಸುರಿಯುವ ಡಬ್ಬಿಯೊಳಗೆ ಇಣುಕಿದರು.

“ಕಾಕಾ, ಇದರಾಗ ಕಾಳ ಇಲ್ಲ. ಮೋಟಾರ್ ಯಾಕ ಓಡ್ಲಿಕತ್ತೈತಿ?”

“ಸದ್ದು ಕೇಳಬೇಕಲ್ಲ, ತಾಯಿ! ಗಿರಣಿ ತೆರದೈತಿ ಅಂತ ಮಂದಿಗೆ ಹೆಂಗ ತಿಳೀಬೇಕು? ಕಲ್ಲಿಗೆ ಕಲ್ಲು ತಾಗೀನೂ ತಾಗಧಂಗ ಇಟ್ಟು ದಿನಾ ಎಂಟರಿಂದ ಹತ್ತರ ತನಕ ಓಡಸ್ತೇನಿ. ಅದಕ್ಕ ಭಾಳ ಕೈಚಳಕ ಬೇಕು!”

“ದಂಡ ಬಿದ್ದದ್ದು ಆ ಕೈಚಳಕಕ್ಕ, ಕಾಕಾ. ಕೆಲಸ ಇಲ್ಲದ ಮೋಟಾರ್ ಸುಮ್ನ ತಿರುಗಿದ್ರ ಪವರ್ ಫ್ಯಾಕ್ಟರ್ ಬೀಳತೈತಿ, ಅದಕ್ಕ ದಂಡ. ಬಿಲ್ಲು ಬರೋಬ್ಬರಿ ಐತಿ.”

ಅಡುಗೆಮನೆಯಿಂದ ಶೇವಂತಾಬಾಯಿಯ ಧ್ವನಿ ಬಂತು: “ಈ ಕಾಯ್ದೆ ಬಾಯಿಗೂ ಐತೇನವಾ? ಕಾಳಿಲ್ಲದ ಓಡೂದೊಂದು ನಮ್ಮನ್ಯಾಗ ಐತಿ!”

ಮ್ಯಾಡಂ ಪೋಹೆ ಗಂಟಲಿಗೆ ಸಿಕ್ಕಿ ಕೆಮ್ಮಿದರು.

ಅವರು ಹೋದ ಮೇಲೆ ನಾಮದೇವರಾವ್ ಮೋಟಾರು ಆರಿಸಿ, ಕಲ್ಲಿನ ಮೇಲೆ ಕೈಯಿಟ್ಟು ಕುಳಿತರು. ಶೇವಂತಾಬಾಯಿ ಚಹಾ ತಂದಿಟ್ಟರು.

“ಸದ್ದಿಲ್ಲದ ಗಿರಣಿಗೆ ಯಾರ್ ಬರ್ತಾರ, ಶೇವಂತಾ? ನೀನರ ಬರ್ತಿದ್ದೇನು?”

“ಸದ್ದು ಬ್ಯಾಡ ಅಂದ್ನೇನು? ನಾನೂ ಅದನ್ನ ಕೇಳೇ ಬಂದು ಸಿಕ್ಕೊಂಡಾಕಿ. ಕರೆಂಟಿನ ಸದ್ದು ಬ್ಯಾಡ.”

“ಮತ್ತ?”

“ಬಾಯಿ ಐತೆಲ್ಲ. ಅದಕ್ಕ ಮೀಟರ್ ಇಲ್ಲ.”

ಮರುದಿನ ಎಂಟು ಗಂಟೆಗೆ ನಾಮದೇವರಾವ್ ಹೊಸ್ತಿಲ ಮೇಲೆ ನಿಂತರು. ಓಣಿಯ ಆಚೆ ನೋಡಿದರು, ಈಚೆ ನೋಡಿದರು, ಗಂಟಲು ಸರಿಮಾಡಿಕೊಂಡರು. “ಕುಕ್.” ಒಂದು ನಾಯಿ ಎದ್ದು ನಿಂತಿತು. “ಕುಕ್ ಕುಕ್.” ಮೂರನೆಯದಕ್ಕೆ ನಾಚಿಕೆ ಬಿಟ್ಟುಹೋಗಿ, ತಂದೆಯವರ ಕಾಲದ ತಾಳ ತಾನಾಗಿ ಸಿಕ್ಕಿತು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಗುತ್ತಲೇ ಡಬ್ಬಿ ಹೊತ್ತು ಬಂದರು.

ಮುಂದಿನ ಬಿಲ್ಲಿನಲ್ಲಿ ಎಲ್ಲ ಆಕಾರಗಳೂ ಇದ್ದವು, ದಂಡ ಒಂದರ ಹೊರತು. ಶೇವಂತಾಬಾಯಿ ಅದನ್ನು ದೇವರ ಗೂಡಿನಲ್ಲಿಟ್ಟು ಬರುವ ಹೊತ್ತಿಗೆ, ತಿಂಗಳಿಡೀ ಪುಣೆಯ ಮಗಳ ಮನೆಯಲ್ಲಿದ್ದು ಬಂದ ಅದೇ ಓಣಿಯ ಯಮುನಾ ಕಾಕು ಗೋಧಿ ಡಬ್ಬಿಯೊಡನೆ ಹಿತ್ತಲ ಬಾಗಿಲಲ್ಲಿದ್ದರು.

“ಏನ ಶೇವಂತಾ, ಕುಕ್ ಕುಕ್ ಅಂತ ಓಣಿ ತುದೀತನಕ ಕೇಳಸ್ತೈತಿ! ಮಾವನ ಕಾಲದ ಹಳೇ ಇಂಜಿನ್ ರಿಪೇರಿ ಮಾಡ್ಸಿದೇನು?”

ಶೇವಂತಾಬಾಯಿ ಮುಂದಿನ ಹೊಸ್ತಿಲಲ್ಲಿದ್ದ ಗಂಡನ ಕಡೆ ನೋಡಿ ಸೆರಗಿನಲ್ಲಿ ನಗು ಒರೆಸಿಕೊಂಡರು.

“ಹೌದ್ರಿ ಕಾಕು. ಇಂಜಿನ್ ಭಾಳ ಹಳೇದು. ರಿಪೇರಿಗೆ ನನಗ ನಲವತ್ತು ವರ್ಷ ಹಿಡೀತು.”